ಅಳಿಯನಿಗೆ ತೋರಿಸದ ಗಂಟು

ನಾವೆಲ್ಲ ಅಮ್ಮನೆಂಬಂತೆ ಅಪಾ ಎಂದು ಕರೆಯುವ ನಮ್ಮತ್ತೆ ಅಜಾರ್‌ಗೆ ಎಂಬತ್ತೊಂದು. ಮೈಯಲ್ಲಿ ಮಾಂಸವೆಂಬುದೇ ಇಲ್ಲ, ಕೋಪ ಮಾತ್ರ ಬೇಕಾದಷ್ಟಿದೆ. ಈಗಲೂ ಬೇಸಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಹೋದರೆ ಕುದುರೆಯ ಹಾಲು ಕರೆಯಲು ನನ್ನನ್ನು ಬಿಡುವುದಿಲ್ಲ. ನನ್ನ ಕೈ ತಣ್ಣಗಂತೆ, ಕುದುರೆ ಬೆಚ್ಚುತ್ತದಂತೆ. ದಿನವೂ ಮಧ್ಯಾಹ್ನ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಆಗ ಯಾರಾದರೂ ಬಾಗಿಲು ತಟ್ಟಿದರೆ ಅವರ ಏಳು ತಲೆಮಾರಿಗೂ ಬೈಗುಳ. ಒಳಗೆ ಏನು ಮಾಡುತ್ತಾರೆಂದು ಮೂವತ್ತು ವರ್ಷದ ಸೊಸೆತನದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಮೊಣಕಾಲು ನೋವೆಂದರು. ಮಧ್ಯಾಹ್ನದ ಹೊತ್ತಿಗೆ ವಾಂತಿ ಶುರುವಾಯಿತು. ಮೊಣಕಾಲಿಗೂ ವಾಂತಿಗೂ ಏನು ಸಂಬಂಧವೋ ನನಗೆ ತಲೆಬುಡ ತಿಳಿಯಲಿಲ್ಲ. ಮೂಳೆ ಕೂರಿಸುವ ಪಕ್ಕದ ಮನೆಯವನು ಬಂದು ಕಾಲು ಎಳೆದು ಹೋದ. ಊರ ನರ್ಸ್ ಹೊಟ್ಟೆಗೆ ಮಾತ್ರೆ ಕೊಟ್ಟಳು. ನನ್ನ ಗಂಡ ಎಸೆನ್ ಮಹಾ ತಿಳಿದವನಂತೆ, “ಮೊನ್ನೆ ಮದುವೆಮನೇಲಿ ಕುರಿಬಾಲದ ಕೊಬ್ಬು ತಿಂದಿದ್ದು ಹೆಚ್ಚಾಗಿದೆ” ಎಂದು ತೀರ್ಪು ಕೊಟ್ಟ. ಮರುದಿನ ಹೊಟ್ಟೆ ಉಬ್ಬಿ ಬಿಗಿಯಾಯಿತು. ಬಯಲಿಗೆ ಹೋಗುವುದು ಹಾಗಿರಲಿ, ಗಾಳಿಯೂ ಹೋಗಲಿಲ್ಲ. ವಾಂತಿ ಹಸಿರಾಗಿ ನಾರತೊಡಗಿತು. ಕಾರಿನಲ್ಲಿ ಹಾಕಿಕೊಂಡು ಜಿಲ್ಲಾ ಆಸ್ಪತ್ರೆಗೆ ಓಡಿದೆವು.

ಅಲ್ಲಿರುವ ಒಬ್ಬನೇ ಸರ್ಜನ್ ಮೈರಂಬೆಕ್, ನನ್ನ ನಾದಿನಿಯ ಗಂಡ. ಎಂದರೆ ಅತ್ತೆಗೆ ಅಳಿಯ. ಇಪ್ಪತ್ತು ವರ್ಷಗಳಲ್ಲಿ ಅತ್ತೆ ಅವನೆದುರು ತಲೆವಸ್ತ್ರ ಸರಿಸಿದ್ದಿಲ್ಲ, ಅವನು ಅವರ ಮುಖಕ್ಕೆ ಮುಖ ಕೊಟ್ಟು ಕುಳಿತದ್ದಿಲ್ಲ. ಈಗಲೂ ಕಿಟಕಿಯಾಚೆ ನೋಡುತ್ತ, ಉಡುಪಿನ ಮೇಲಿಂದಲೇ ಹೊಟ್ಟೆ ಅಮುಕಿದ. ಎಕ್ಸ್‌ರೇ ತೆಗೆಸಿದ. ಆಮೇಲೆ ನನ್ನನ್ನು ಹೊರಗೆ ಕರೆದ.

“ಕರುಳು ಎಲ್ಲೋ ಕಟ್ಕೊಂಡಿದೆ, ಅತ್ತಿಗೆ. ಎಲ್ಲಿ, ಯಾಕೆ ಅಂತ ನಂಗೂ ಗೊತ್ತಾಗ್ತಿಲ್ಲ. ನಾರಿನ್ ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ.”

“ಐದು ಗಂಟೆ ದಾರಿ. ಜೀವ ತಡ್ಕೊಳ್ಳುತ್ತಾ?”

ಅವನು ಆಂಬುಲೆನ್ಸಿಗೆ ಫೋನ್ ಮಾಡಲು ಹೋದ.

ಹೊರಡುವ ಮುಂಚೆ ವಾಂತಿಯಾದ ಉಡುಪು ಬದಲಿಸಲು ಹೋದೆ. ಎಡತೊಡೆಯ ಬುಡದಲ್ಲಿ ಅಕ್ರೋಟು ಕಾಯಿಯಷ್ಟು ಗಂಟು, ಕೆಂಪಗೆ. ಮುಟ್ಟಿದ್ದೇ ತಡ, ಅತ್ತೆ ನನ್ನ ಮಣಿಕಟ್ಟು ಹಿಡಿದರು.

“ಬಾಯಿ ಬಿಟ್ಟೀಯ, ಜೋಕೆ.”

“ಇದೇನು ಅಪಾ?”

“ಹನ್ನೊಂದು ವರ್ಷದ್ದು. ಮಲಗಿ ಒತ್ತಿದ್ರೆ ಒಳಗೆ ಹೋಗ್ತಿತ್ತು. ಈ ಸಲ ಹೋಗ್ತಿಲ್ಲ.”

“ಮತ್ತೆ ಮೊಣಕಾಲು ಅಂದ್ರಲ್ಲ?”

“ಇನ್ನೇನು ಹೇಳ್ಲಿ? ಇದನ್ನ ಅಳಿಯನ ಕೈಲಿ ಹಿಡಿಸ್ಲಾ? ಅದಕ್ಕಿಂತ ಸಾಯೋದೇ ವಾಸಿ.”

ಹೇಳಿದರೆ ಅತ್ತೆ ಜೀವಮಾನದಲ್ಲಿ ಕ್ಷಮಿಸುವವರಲ್ಲ, ಹೇಳದಿದ್ದರೆ ಆ ಜೀವಮಾನ ನಾಳೆಯವರೆಗೂ ಇಲ್ಲ. ಗಂಡಸಿಗೆ, ಅದೂ ಮನೆ ಅಳಿಯನಿಗೆ, ಆ ಜಾಗದ ಹೆಸರು ಹೇಳುವುದಾದರೂ ಹೇಗೆ? ಆಸ್ಪತ್ರೆಯ ಪಡಸಾಲೆಯಲ್ಲಿ ಎರಡು ಸಲ ಅವನ ಹತ್ತಿರ ಹೋಗಿ ಹಿಂದೆ ಬಂದೆ. ಅತ್ತೆಯ ಮೇಲೆ, ಅವನ ಮೇಲೆ, ನನ್ನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಮೂರನೇ ಸಲ ಗೋಡೆ ನೋಡುತ್ತ ಹೇಳಿಬಿಟ್ಟೆ.

ಅವನ ಮುಖ ಬಿಳಿಚಿತು. “ವಯಸ್ಸಾದವರ ಹೊಟ್ಟೆ ಉಬ್ಬಿದ್ರೆ ತೊಡೆಸಂದು ನೋಡದೆ ಬಿಡಬೇಡಿ ಅಂತ ನರ್ಸ್‌ಗಳಿಗೆ ದಿನಾ ಬೈತೀನಿ ಅತ್ತಿಗೆ. ನಾನೇ ನೋಡ್ಲಿಲ್ಲ. ಹರ್ನಿಯಾ ಅದು. ಕರುಳಿನ ಮಡಿಕೆ ಅಲ್ಲಿ ಸಿಕ್ಕಿಹಾಕ್ಕೊಂಡಿದೆ. ಈಗ್ಲೇ ಕೊಯ್ಯಬೇಕು. ಅವರು ಒಪ್ತಾರಾ?”

ಒಪ್ಪಿಸಿದೆ, ಸುಳ್ಳು ಹೇಳಿ. ನಾರಿನ್‌ನಿಂದ ಒಬ್ಬ ಮುದುಕ ಡಾಕ್ಟರು ಬಂದಿದ್ದಾರೆ, ಅಳಿಯ ಈಗಷ್ಟೇ ಊರಿಗೆ ಹೊರಟುಹೋದ ಎಂದೆ. ಮಾಡಿದ್ದು ಸರಿಯೋ ತಪ್ಪೋ ಇಂದಿಗೂ ತಿಳಿಯದು. ಅತ್ತೆ ನನ್ನನ್ನೇ ಬಹಳ ಹೊತ್ತು ನೋಡಿ, ಆಗಲಿ ಎಂದರು. ಆಪರೇಷನ್ ಮುಗಿಸಲು ಮೈರಂಬೆಕ್‌ಗೆ ಒಂದೂವರೆ ಗಂಟೆ ಹಿಡಿಯಿತು. ಕಪ್ಪಾಗಿದ್ದ ಗೇಣುದ್ದ ಕರುಳು ಕತ್ತರಿಸಿ, ಉಳಿದದ್ದನ್ನು ಸೇರಿಸಿ ಹೊಲಿದನಂತೆ. ನಾರಿನ್ ದಾರಿ ಹಿಡಿದಿದ್ದರೆ ಉಳಿಯುತ್ತಿರಲಿಲ್ಲ ಎಂದು ನರ್ಸ್ ನನ್ನ ಕಿವಿಯಲ್ಲಿ ಹೇಳಿದಳು.

ಮರುದಿನ ಅತ್ತೆ ಕಣ್ಣು ಬಿಟ್ಟು, “ಆ ಮುದುಕ ಡಾಕ್ಟರು?” ಎಂದರು.

“ಹೋದ್ರು ಅಪಾ.”

“ಚಹಾನೂ ಕುಡೀದೆ ಹೋದ್ರಾ?”

ದಿಂಬು ಸರಿಮಾಡತೊಡಗಿದೆ.

ನಾಲ್ಕನೇ ದಿನ ಹೊಲಿಗೆ ನೋಡಬೇಕಿತ್ತು. ಮೈರಂಬೆಕ್ ಬಾಗಿಲಲ್ಲೇ ನಿಂತ, ಕಣ್ಣು ಕಿಟಕಿಯ ಕಡೆ. “ಈಗ್ತಾನೇ ಊರಿಂದ ಬಂದೆ ಅಪಾ. ನೋವು ಹೇಗಿದೆ?” ಎಂದು ಅಲ್ಲಿಂದಲೇ ಕೇಳಿದ. ಪಾಪ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಅತ್ತೆ ತಲೆವಸ್ತ್ರ ಸರಿಮಾಡಿಕೊಂಡರು.

“ಒಳಗೆ ಬಾ ಮಗಾ,” ಎಂದರು. “ನೀನು ನೋಡದೆ ಉಳಿದಿರೋದು ಇನ್ನೇನಿದೆ.”