ಹಿಂದಿನ ಸೀಟಿನಲ್ಲಿ ಯಾರಿದ್ದರು?

ನನ್ನ ಪಕ್ಕದ ಮನೆಯ ರತ್ನಾವತಿಯಮ್ಮ ಕಾರು ಕಲಿತದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಉಡುಪಿಯಿಂದ ಅಮೆರಿಕದ ಈ ಸ್ಯಾನ್ ರಮೋನ್‌ಗೆ ಬಂದ ಮೇಲೆ. ಮೂರು ಸಲ ಫೇಲಾದರು. ನಾಲ್ಕನೆಯ ಸಲ ಪಾಸಾಗಿ ಬಂದು ನಮಗೆಲ್ಲ ಪಾಯಸ ಹಂಚಿದರು. ಈ ಊರಿನಲ್ಲಿ ಕಾರಿಲ್ಲದವರು ಮನೆಯ ಸಾಮಾನಿಗೆ ಸಮ, ಯಾರಾದರೂ ಎತ್ತಿಕೊಂಡು ಹೋದರೆ ಉಂಟು ಎಂದು ಅವರು ಹೇಳುತ್ತಿದ್ದರು. ಸುಳ್ಳಲ್ಲ.

ಕಳೆದ ಮಾರ್ಚಿನಲ್ಲಿ ವಾಲ್ನಟ್ ಕ್ರೀಕ್ ಕಡೆ ಹೋಗುವಾಗ, ಫ್ರೀವೇಯಲ್ಲಿ ಒಂದು ಬಿಳಿ ಕಾರು ಪಕ್ಕದಿಂದ ಇವರ ಮುಂದೆ ನುಗ್ಗಿ ಗಕ್ಕನೆ ಬ್ರೇಕ್ ಹಾಕಿತು. ಇವರ ಕಾರು ಹೋಗಿ ಅದಕ್ಕೆ ತಾಗಿತು. ಎರಡೂ ಕಾರು ಬದಿಗೆ ನಿಂತವು. ತಪ್ಪು ಯಾರದೇ ಇರಲಿ, ಮೊದಲು ಕೈಮುಗಿಯುವುದು ನಮ್ಮವರ ಅಭ್ಯಾಸವಲ್ಲವೇ? ರತ್ನಾವತಿಯಮ್ಮ ಓಡಿಹೋಗಿ “ಸಾರಿ, ಸಾರಿ” ಎಂದರು. ಆ ಕಾರಿನಿಂದ ಇಳಿದ ಇಬ್ಬರು ಗಂಡಸರಲ್ಲಿ ಒಬ್ಬ ಅದನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿಕೊಂಡ.

ತಿಂಗಳ ಮೇಲೆ ಇವರ ಇನ್ಶೂರೆನ್ಸ್ ಕಂಪನಿಗೆ ಆ ಕಾರಿನವರಿಂದ ಪರಿಹಾರದ ಕ್ಲೇಮು ಬಂತು, ಜೊತೆಗೆ ಆ ವಿಡಿಯೋ. ಪೆಟ್ಟು ಬಿದ್ದದ್ದು ನಾಲ್ವರಿಗಂತೆ! ಹಿಂದಿನ ಸೀಟಿನಲ್ಲಿದ್ದ ಇಬ್ಬರು ಹೆಂಗಸರಿಗೆ ಕುತ್ತಿಗೆ ತಿರುಗಿಸಲೂ ಆಗುವುದಿಲ್ಲವಂತೆ!

“ಇದ್ದದ್ದೇ ಇಬ್ಬರು ಮಾರಾಯ,” ಎಂದರು ಮಗ ಧನುಷ್‌ಗೆ.

“ನೀನೇ ಸಾರಿ ಹೇಳಿದ ವಿಡಿಯೋ ಉಂಟಲ್ಲ ಅಮ್ಮ. ಕಂಪನಿ ಸೆಟಲ್ ಮಾಡ್ತದೆ, ಬಿಡು. ಇನ್ನು ನಿನಗೆ ಡ್ರೈವಿಂಗೂ ಬೇಡ.” ಅವನು ಕೀ ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

ಕೇಳಿ ನನಗೆ ಮೈ ಉರಿಯಿತು. ಕಳ್ಳರು ಅಲ್ಲಿ, ಶಿಕ್ಷೆ ಇಲ್ಲಿ!

ರತ್ನಾವತಿಯಮ್ಮ ಅಳಲಿಲ್ಲ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕಂಪನಿಗೆ ಫೋನು ಹಚ್ಚಿದರು. ಹನ್ನೊಂದನೆಯ ದಿನ, ಇಂಥ ಮೋಸ ಹಿಡಿಯಲೆಂದೇ ಇರುವ ಅಧಿಕಾರಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ಧನುಷ್ ಮನೆಯಲ್ಲೇ ಇದ್ದ, ನಾನೂ ಇದ್ದೆ. ಅವಳು “ಸಾರಿ” ಎಂಬಲ್ಲಿಗೆ ವಿಡಿಯೋ ನಿಲ್ಲಿಸಿದಾಗ ಇವರು ಬಿಡಲಿಲ್ಲ, ಪೂರ್ತಿ ಹಾಕಿಸಿದರು. “ಸಾರಿ” ಸಿಕ್ಕಿತಲ್ಲ ಎಂದು, ಕಳಿಸಿದವರೂ ಅದರ ಮುಂದಿನದನ್ನು ನೋಡಿರಲಿಕ್ಕಿಲ್ಲ.

ವಿಡಿಯೋದಲ್ಲಿ, ಸಾರಿ ಹೇಳಿದ ರತ್ನಾವತಿಯಮ್ಮ ಮುಂದೆ ಮಾಡಿದ್ದು ನಮ್ಮ ಹೆಂಗಸರು ಯಾರೇ ಆದರೂ ಮಾಡುವ ಕೆಲಸ: ಒಳಗೆ ಮಕ್ಕಳಿದ್ದಾರೋ ಎಂದು ಕೇಳುತ್ತ ಆ ಕಾರಿನ ಹಿಂಬಾಗಿಲು ತೆರೆದು ತಲೆ ಹಾಕಿದರು. ಫೋನು ಹಿಡಿದವನೂ ಹಿಂದೆಯೇ ಬಂದ. ಸೀಟಿನ ಉದ್ದಕ್ಕೂ ಎರಡು ಹಳೆಯ ಟೈರುಗಳು ಮಲಗಿದ್ದವು.

“ಕುತ್ತಿಗೆ ನೋವು ಇವಕ್ಕಾ?” ಎಂದು ಅವರು ಮಗನನ್ನೇ ಕೇಳಿದರು.

ಟೈರುಗಳನ್ನು ನೋಡಿ ಅಧಿಕಾರಿಯೂ ನಕ್ಕೇಬಿಟ್ಟಳು. ಕ್ಲೇಮು ನಿಲ್ಲಿಸುತ್ತೇವೆ, ಆದರೆ ಕೇಸು ಹಾಕಬೇಕಾದರೆ ನೀವು ಓಕ್ಲ್ಯಾಂಡ್‌ಗೆ ಬಂದು ಹೇಳಿಕೆ ಕೊಡಬೇಕು ಎಂದಳು.

“ಬೇಡ ಅಮ್ಮ, ಎಂಥ ಜನವೋ ಏನೋ,” ಎಂದ ಧನುಷ್.

“ಮೂವತ್ತು ವರ್ಷ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದ ಟೀಚರ್ ನಾನು. ಇವರಿಗೆ ಹೆದರುದಾ?”

ಅಧಿಕಾರಿ ಹೊರಡುತ್ತ, ಕಾರು ಕಳಿಸಲೇ ಎಂದು ಕೇಳಿದಳು. ರತ್ನಾವತಿಯಮ್ಮ ಬೇಡವೆಂದು ತಲೆಯಾಡಿಸಿ ಮಗನ ಮುಂದೆ ಕೈ ಚಾಚಿದರು.

“ಎಂತ ನೋಡುದು? ಕೀ ಕೊಡು.”