ಡ್ರಾಪ್ಸ್ ಬರೆಯದ ಡಾಕ್ಟರಮ್ಮ

ಬೂದಿಕೋಟೆಯ ನಮ್ಮತ್ತೆಗೆ ಕಾಣುವುದು ಒಂದೇ ಕಣ್ಣು. ಸಕ್ಕರೆ ಕಾಯಿಲೆಯಿಂದ ಅದೂ ಮಂಜಾದಾಗ ಕೆಜಿಎಫ್‌ಗೆ ಕರೆದುಕೊಂಡು ಹೋಗಿ ಕಣ್ಣೊಳಗೆ ಇಂಜೆಕ್ಷನ್ ಕೊಡಿಸಿದೆ. ಡಾಕ್ಟರಮ್ಮ ಕಂದು ಔಷಧಿಯಲ್ಲಿ ಕಣ್ಣು ತೊಳೆದು, ಸೂಜಿ ಹಾಕಿ, ಮನೆಗೆ ಹೋಗಿ ಅಂದರು. ಆಂಟಿಬಯಾಟಿಕ್ ಡ್ರಾಪ್ಸ್ ಬರೆಯಲೇ ಇಲ್ಲ.

"ಕೀವಾಗ್ಬುಟ್ರೆ ನಾನು ಕುರುಡೀನೇ ಕಣಮ್ಮ. ಡ್ರಾಪ್ಸ್ ಕೊಡು," ಎಂದ ಅತ್ತೆ ಕುರ್ಚಿ ಬಿಟ್ಟೇಳಲಿಲ್ಲ.

ಹೊರಗೆ ಜನ ಕಾಯುತ್ತಿದ್ದರು. ಆದರೂ ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಕೂತರು.

"ಹಸು ಸಾಕಿದೀರಂತಲ್ಲ, ಹಾಲು ಕರೆಯೋಕ್ಮುಂಚೆ ಏನ್ಮಾಡ್ತೀರಮ್ಮ?"

"ಕೆಚ್ಚಲು ತೊಳೀತೀನಿ."

"ಬಾವು ಬರದಿರ್ಲಿ ಅಂತ ಹಸುಗೆ ದಿನಾ ಇಂಜೆಕ್ಷನ್ ಹಾಕಿಸ್ತೀರಾ?"

"ಬಾವು ಬಂದ್ರೆ ತಾನೆ ಆಕ್ಸೋದು."

"ಕಣ್ಣಿಗೂ ಅಷ್ಟೇ. ತೊಳೆದಿದ್ದೇ ಕಾವಲು. ಸುಮ್ಸುಮ್ನೆ ಡ್ರಾಪ್ಸ್ ಹಾಕ್ತಾ ಹೋದ್ರೆ, ಬೇಕಾದಾಗ ಔಷಧಿ ನಾಟಲ್ಲ. ನೋವು ಬಂದ್ರೆ, ಇನ್ನೂ ಮಂಜಾದ್ರೆ ಮಾತ್ರ ತಕ್ಷಣ ಬನ್ನಿ."

ಅತ್ತೆ ಎದ್ದರು. ಮದುವೆಯಾದಾಗಿನಿಂದ ಒಂದು ಮಾತಿಗೂ ಅವರನ್ನು ಒಪ್ಪಿಸಲಾಗದ ಅಳಿಯ ನಾನು. ಮನಸ್ಸಲ್ಲೇ ಆ ಡಾಕ್ಟರಮ್ಮನಿಗೆ ಕೈಮುಗಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಅತ್ತೆಯ ಕೆಂಪು ಕಣ್ಣು ನೋಡಿ, ಚೀಲದಿಂದ ಅರ್ಧ ಮುಗಿದ ಡ್ರಾಪ್ಸ್ ತೆಗೆದು "ಆಕ್ಕೊಳಕ್ಕ" ಎಂದಳು.

"ನಮ್ಮ ಅಸೂಗೇ ಸುಮ್ನೆ ಆಕ್ಸಲ್ಲ, ನಂಗ್ಯಾಕೆ?" ಅಂದರು ಅತ್ತೆ.

ಮುಚ್ಚಳ ತೆಗೆದಾಗಿತ್ತಲ್ಲ, ಆಕೆ ಎರಡು ತೊಟ್ಟು ತನ್ನ ಕಣ್ಣಿಗೇ ಬಿಟ್ಟುಕೊಂಡಳು.