ಗಂಧದಡಿಯ ನಂಬರು

ಬೋಪಣ್ಣನವರು ಹಾಲಿನವನನ್ನು ನಂಬುತ್ತಿರಲಿಲ್ಲ, ತರಕಾರಿಯವನ ತಕ್ಕಡಿಯನ್ನು ನಂಬುತ್ತಿರಲಿಲ್ಲ, ಉಮರೇಡ್ ಕಡೆಯ ತೋಟದ್ದು ಎಂದು ಆಣೆ ಹಾಕಿ ಸಂತ್ರ ಕಿತ್ತಳೆ ಮಾರುವವನನ್ನಂತೂ ಪೊಲೀಸರ ಹಾಗೆ ಪ್ರಶ್ನೆ ಕೇಳಿ ಗೋಳು ಹೊಯ್ದುಕೊಳ್ಳುತ್ತಿದ್ದರು. ಕೊಡಗಿನಲ್ಲಿ ಹುಟ್ಟಿ, ವಾಯುಸೇನೆಯ ಶಸ್ತ್ರಾಗಾರಗಳಲ್ಲಿ ಮೂವತ್ತೆರಡು ವರ್ಷ ದುಡಿದು, ಕೊನೆಯ ಪೋಸ್ಟಿಂಗ್ ಆದ ನಾಗಪುರದಲ್ಲೇ, ಪ್ರತಾಪ ನಗರದಲ್ಲಿ ಮನೆ ಕಟ್ಟಿಸಿಕೊಂಡವರು. ಅನುಮಾನಪಡುವುದಕ್ಕೆಂದೇ ಸರ್ಕಾರ ಇಷ್ಟು ವರ್ಷ ಸಂಬಳ ಕೊಟ್ಟಿದೆ, ಪೆನ್ಶನ್ ಬಂತೆಂದು ಬಿಟ್ಟುಬಿಡಲಾಗುತ್ತದೆಯೇ ಎಂಬುದು ಅವರ ವಾದ. ಹೆಂಡತಿ ದಮಯಂತಿಗೆ ಈ ವಾದ ಕೇಳಿ ಕೇಳಿ ಸಾಕಾಗಿತ್ತು.

ಅವರ ಹುಚ್ಚು ಹಳೆಯ ರಿವಾಲ್ವರುಗಳದ್ದು. ಅವರ ಪರವಾನಗಿಯಲ್ಲಿದ್ದದ್ದು ಒಂದೇ ಒಂದು. ಉಳಿದ ಮುನ್ನೂರು ಚಿಲ್ಲರೆಯನ್ನು ಅವರು ಕಾಗದದ ಮೇಲೆ ಕೂಡಿಹಾಕಿದ್ದರು. ಕಬ್ಬಿಣದ ಮೇಲೆ ತೆಳ್ಳನೆಯ ಕಾಗದವಿಟ್ಟು ಮೆತ್ತಗಿನ ಪೆನ್ಸಿಲಿನಿಂದ ಉಜ್ಜಿದರೆ ನಂಬರು, ಮುದ್ರೆ, ಕಾರ್ಖಾನೆಯ ಗುರುತು ಎಲ್ಲ ಬೆಳ್ಳಗೆ ಮೂಡುತ್ತವೆ. ಆ ಕಾಗದಗಳನ್ನು ಫೈಲು ಮಾಡಿ, ಯಾವ ವರ್ಷ ಹುಟ್ಟಿದ್ದು, ಯಾವ ಪಲ್ಟನ್ನಿಗೆ ಹೋಗಿದ್ದು ಎಂದು ಪತ್ರ ಬರೆದು, ಕಂಪ್ಯೂಟರಿನಲ್ಲಿ ಹುಡುಕಿ ಜಾತಕ ಬರೆಯುತ್ತಿದ್ದರು. ಹಳೆಯ ವಾಡೆಗಳಿಂದಲೂ ಕಾಮಠಿ ದಂಡಿನ ನಿವೃತ್ತ ಅಧಿಕಾರಿಗಳ ಮನೆಗಳಿಂದಲೂ ಕರೆ ಬರುತ್ತಿತ್ತು. ಐವತ್ತೇಳರ ದಂಗೆಯಲ್ಲಿ ನಮ್ಮ ಮುತ್ತಜ್ಜ ಇದನ್ನು ಗೋರಾ ಸಾಹೇಬನಿಂದ ಕಿತ್ತುಕೊಂಡದ್ದು ಎಂದು ಯಾರಾದರೂ ಎದೆಯುಬ್ಬಿಸಿದರೆ, ಇವರು ಕನ್ನಡಕ ಸರಿಮಾಡಿಕೊಂಡು, ನಿಮ್ಮ ಮುತ್ತಜ್ಜ ತೀರಿಕೊಂಡು ಇಪ್ಪತ್ತು ವರ್ಷದ ಮೇಲೆ ಇದು ಹುಟ್ಟಿದೆ ಎನ್ನುತ್ತಿದ್ದರು. ಅಂಥ ಮನೆಗಳಲ್ಲಿ ಎರಡನೆಯ ಸಲ ಚಹಾ ಸಿಗುತ್ತಿರಲಿಲ್ಲ.

ಅವರ ಪಾಠದ ಮೊದಲ ಸಾಲು ಒಂದೇ: ನಂಬರನ್ನು ಫ್ರೇಮಿನ, ಅಂದರೆ ನಳಿಗೆ, ಸಿಲಿಂಡರ್, ಟ್ರಿಗರ್ ಎಲ್ಲ ಕೂಡುವ ಚೌಕಟ್ಟಿನ ಮೇಲೆ ನೋಡಬೇಕು, ಬೇರೆಲ್ಲೂ ಅಲ್ಲ. ಗುಂಡು ತುಂಬುವ ಸಿಲಿಂಡರ್ ರಿಪೇರಿಯಲ್ಲಿ ಬದಲಾಗಿರಬಹುದು, ಹಿಡಿ ಬದಲಾಗಿರಬಹುದು. ಫ್ರೇಮ್ ಎಂದರೇ ರಿವಾಲ್ವರ್. ಈ ಪಾಠವನ್ನು ಶ್ರದ್ಧೆಯಿಂದ ಕಲಿತ ಒಬ್ಬನೇ ಶಿಷ್ಯ ಅಪ್ಪಣ್ಣ. ಅಥಣಿ ಕಡೆಯವನು, ಸೀತಾಬರ್ಡಿಯಲ್ಲಿ ತಂದೆಯ ಕಾಲದ ಬಂದೂಕಿನ ಅಂಗಡಿ, ಲಕ್ಷ್ಮೀ ನಗರದಲ್ಲಿ ಮನೆ. ಇಪ್ಪತ್ತು ವರ್ಷದಿಂದ ಶನಿವಾರ ಸಂಜೆ ಇಬ್ಬರೂ ಆ ಅಂಗಡಿಯಲ್ಲಿ ಕೂತು ಪರರಾಜ್ಯದ ಊರಿನಲ್ಲಿ ಹೊಟ್ಟೆ ತುಂಬ ಕನ್ನಡ ಮಾತಾಡುತ್ತಿದ್ದರು. ಇಡೀ ನಾಗಪುರದಲ್ಲಿ ಬೋಪಣ್ಣನವರು ನಂಬಿದ್ದ ಮನುಷ್ಯ ಯಾರಾದರೂ ಇದ್ದರೆ ಅವನೇ.

ಪರವಾನಗಿಯಲ್ಲಿದ್ದ ಆ ಒಂದು ರಿವಾಲ್ವರು ಅಜ್ಜನದು. ಕಾಫಿ ತೋಟದ ದೊರೆ ಊರು ಬಿಡುವಾಗ ಕೊಟ್ಟು ಹೋದದ್ದು. ಅಜ್ಜ ತೀರಿಕೊಂಡ ವರ್ಷ, ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಅಜ್ಜಿ ಟ್ರಿಗರಿನ ಮೇಲುಭಾಗಕ್ಕೆ, ಫ್ರೇಮಿನ ನಂಬರಿರುವ ಜಾಗಕ್ಕೇ, ಗಂಧ ಹಚ್ಚಿದ್ದಳು. ಅಜ್ಜಿ ಹಚ್ಚಿದ್ದನ್ನು ಒರೆಸುವುದು ಬೇಡವೆಂದು ಮನೆಯವರು ಪ್ರತಿ ವರ್ಷ ಅದರ ಮೇಲೇ ಹಚ್ಚುತ್ತ ಬಂದರು. ಬೋಪಣ್ಣನವರೂ ನಳಿಗೆಗೆ ಎಣ್ಣೆ ಬಿಡುತ್ತಿದ್ದರು, ಹಿಡಿಯನ್ನು ಉಜ್ಜುತ್ತಿದ್ದರು, ಆ ಜಾಗಕ್ಕೆ ಮಾತ್ರ ಬಟ್ಟೆ ತಾಗಿಸುತ್ತಿರಲಿಲ್ಲ.

ಕಳೆದ ವರ್ಷ ಪರವಾನಗಿಯ ನವೀಕರಣಕ್ಕೆ ಹೋದಾಗ ಹೊಸ ನಿಯಮ ಎದುರಾಯಿತು. ಫ್ರೇಮಿನ ನಂಬರಿನ ಸ್ಪಷ್ಟ ಫೋಟೋ ಬೇಕು. ಮಗಳು ಪೂರ್ವಿ ಮೊಬೈಲ್ ಹಿಡಿದು ಕೂತಳು. ಬೋಪಣ್ಣನವರು ಕೈಮುಗಿದು, ಒದ್ದೆ ಹತ್ತಿಯಿಂದ ಎಪ್ಪತ್ತು ವರ್ಷದ ಗಂಧವನ್ನು ಒರೆಸಿದರು.

“ಅಪ್ಪಾ, ಲೈಸೆನ್ಸಲ್ಲಿರೋ ನಂಬರ್ ಇದಲ್ಲ. ಬಿಲ್ಕುಲ್ ಬೇರೆ.”

ಬೋಪಣ್ಣನವರು ಕನ್ನಡಕ ಒರೆಸಿ ಹಾಕಿಕೊಂಡರು. ಮೂರು ಸಲ ಓದಿದರು. ಆಮೇಲೆ ಅವರ ತಲೆ ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಮಾಡಿತು: ಯಾರು? ಮನೆಯ ಕಪಾಟಿನ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ರಿವಾಲ್ವರು ಮನೆ ಬಿಟ್ಟು ಹೊರಗೆ ಇದ್ದದ್ದು ಚುನಾವಣೆಗಳ ಹೊತ್ತಿನಲ್ಲಿ ಮಾತ್ರ, ಸರ್ಕಾರದ ಆದೇಶದಂತೆ, ಅಪ್ಪಣ್ಣನ ಅಂಗಡಿಯ ಕಪಾಟಿನಲ್ಲಿ. ಹಿಂದಿನ ಬೇಸಿಗೆಯಲ್ಲೂ ಎರಡು ತಿಂಗಳು ಅಲ್ಲೇ ಇತ್ತು. ಒಮ್ಮೆ ಅನುಮಾನ ಒಳಗೆ ಬಂದದ್ದೇ, ಹಳೆಯದೆಲ್ಲ ಬೇರೆ ಬಣ್ಣ ತಾಳಿತು. ಮುಂಬೈಯವರೊಬ್ಬರು ಇದನ್ನು ಕೊಳ್ಳಲು ಕೇಳ್ತಿದ್ರು ಎಂದು ಅಪ್ಪಣ್ಣ ಒಮ್ಮೆ ನಗುತ್ತ ಹೇಳಿರಲಿಲ್ಲವೇ? ವಾಪಸು ಕೊಡುವಾಗ ಗಡಿಬಿಡಿಯಲ್ಲಿದ್ದನಲ್ಲವೇ? ಗಂಧ ಹಚ್ಚಿ ಹಳತು ಮಾಡುವುದು ಅಂಥ ಕಸುಬುದಾರನಿಗೆ ಎಷ್ಟರ ಕೆಲಸ?

“ಒಂದು ಮಾತು ಅವರನ್ನೇ ಕೇಳಬಾರದಾ?” ಎಂದರು ದಮಯಂತಿ.

“ಕೇಳಿದರೆ ಎಚ್ಚರವಾಗ್ತಾನೆ,” ಎಂದರು ಬೋಪಣ್ಣನವರು.

ಮರುದಿನವೇ ಪರವಾನಗಿ ಕಚೇರಿಯಲ್ಲಿ ದೂರು ಕೊಟ್ಟರು. ಅಪ್ಪಣ್ಣನ ಅಂಗಡಿಗೆ ಬೀಗ ಬಿತ್ತು. ತಿಂಗಳ ಕೊನೆಯಲ್ಲಿ ವಿಚಾರಣೆ, ಆ ದಿನ ರಿವಾಲ್ವರನ್ನು ತಂದು ಹಾಜರುಪಡಿಸಬೇಕು ಎಂದು ಇವರಿಗೆ ನೋಟಿಸು ಬಂತು. ಅದಲುಬದಲು ಸಾಬೀತಾದರೆ ಅಂಗಡಿಯ ಪರವಾನಗಿ ರದ್ದು, ಅಪ್ಪಣ್ಣ ಜೈಲಿಗೆ. ಅಪ್ಪಣ್ಣ ಮೂರು ಸಲ ಫೋನ್ ಮಾಡಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡು ಬೋಪಣ್ಣನವರು ಮೂರು ಸಲವೂ ಕತ್ತರಿಸಿದರು. ಶನಿವಾರ ಸಂಜೆ ಮಾತ್ರ ಮನೆಯೊಳಗೆ ಸುಮ್ಮನೆ ಅಡ್ಡಾಡಿದರು. ದುಃಖವಾಗಿತ್ತು, ಅದನ್ನು ಸಿಟ್ಟೆಂದು ತಿಳಿದಿದ್ದರು.

ಮೂರನೆಯ ವಾರ, ಒಂದು ಮಧ್ಯಾಹ್ನ, ಕೈ ಸುಮ್ಮನಿರದೆ ಆ ಪರಕೀಯ ರಿವಾಲ್ವರಿನ ಜಾತಕವನ್ನಾದರೂ ಬರೆಯೋಣವೆಂದು ಕೂತರು. ಇದರ ಅಸಲಿ ಒಡೆಯನು ಸಿಕ್ಕರೆ ಕಳ್ಳದಾರಿಯೂ ಸಿಗುತ್ತದೆ. ಫ್ರೇಮನ್ನು ಉಜ್ಜಿದರು, ನಳಿಗೆಯ ಮುದ್ರೆಯನ್ನು ಉಜ್ಜಿದರು. ಕೊನೆಗೆ, ರೂಢಿಗೆಂದು, ಸಿಲಿಂಡರಿಗೆ ಕಾಗದ ಸುತ್ತಿ ಪೆನ್ಸಿಲ್ ಆಡಿಸಿದರು. ಕಾಗದದ ಮೇಲೆ ಒಂದೊಂದಾಗಿ ಅಂಕಿಗಳು ಮೂಡಿದವು. ಅದು ಪರವಾನಗಿಯಲ್ಲಿದ್ದ ನಂಬರು.

ತೊಂಬತ್ತೆಂಟರಲ್ಲಿ ತಂದೆ ತೀರಿಕೊಂಡ ಮೇಲೆ ಪರವಾನಗಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವಾಗ ಅರ್ಜಿ ತುಂಬಿದವರು ಅವರೇ. ಹಳೆಯ ಕಾಗದ ಗೆದ್ದಲು ತಿಂದಿತ್ತು, ಫ್ರೇಮಿನ ಮೇಲೆ ಅಜ್ಜಿಯ ಗಂಧವಿತ್ತು. ಒರೆಸಲು ಮನಸ್ಸು ಬಾರದೆ, ಎರಡೂ ಒಂದೇ ಇರುತ್ತದೆಂದು ಸಿಲಿಂಡರಿನ ನಂಬರನ್ನು ಬರೆದುಕೊಂಡಿದ್ದರು. ಯಾವ ಕಾಲದಲ್ಲೋ ಯಾವ ರಿಪೇರಿಯಲ್ಲೋ ಬದಲಾಗಿದ್ದ ಸಿಲಿಂಡರ್ ಅದು. ಊರಿಗೆಲ್ಲ ಪಾಠ ಹೇಳಿದ ಮಹಾಶಯರು ತಮ್ಮ ಮನೆಯಲ್ಲಿ ಮೊದಲನೆಯ ಸಾಲನ್ನೇ ಮರೆತಿದ್ದರು. ರಿವಾಲ್ವರು ಅಜ್ಜನದೇ. ಯಾರೂ ಏನನ್ನೂ ಕದ್ದಿರಲಿಲ್ಲ.

ಸಿಲಿಂಡರಿನ ಫೋಟೋವನ್ನೇ ಫ್ರೇಮಿನದೆಂದು ಕೊಟ್ಟು, ನಂಬರು ಸರಿಯಿದೆ, ನಾನೇ ತಪ್ಪಾಗಿ ಓದಿದೆ ಎಂದುಬಿಟ್ಟರೆ? ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಬೋಪಣ್ಣನವರು ಹಾಗೇ ಯೋಚಿಸಿದರು. ಆದರೆ ನಾಳೆ ಯಾರಾದರೂ ಫ್ರೇಮ್ ತಿರುಗಿಸಿ ನೋಡಿದರೆ ಮತ್ತೆ ಅಪ್ಪಣ್ಣನ ಕುತ್ತಿಗೆಗೇ ಬರುತ್ತದೆ. ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ ತಪ್ಪು ನನ್ನದೆಂದು ಬರೆದುಕೊಟ್ಟು, ಪರವಾನಗಿಯಲ್ಲಿಲ್ಲದ ನಂಬರಿನ ಆಯುಧವೆಂದು ಅಜ್ಜನ ರಿವಾಲ್ವರನ್ನು ಮೇಜಿನ ಮೇಲಿಟ್ಟು ಬಂದರು. ಗುಮಾಸ್ತ ಅದಕ್ಕೊಂದು ಚೀಟಿ ಕಟ್ಟಿ ಒಳಗೆ ಒಯ್ದ.

ಅಲ್ಲಿಂದ ನೇರ ಲಕ್ಷ್ಮೀ ನಗರಕ್ಕೆ ಬಂದರು. ಬಾಗಿಲು ತೆರೆದ ಅಪ್ಪಣ್ಣ, “ಬರ್ರಿ ಸಾಹೇಬ್ರ, ಕುಂದರ್ರಿ,” ಎಂದ. ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು.

“ಅಪ್ಪಣ್ಣ, ಲೈಸೆನ್ಸಲ್ಲಿರೋದು ಸಿಲಿಂಡರ್ ನಂಬರ್. ನಾನೇ ಬರೆದದ್ದು.”

“ಗೊತ್ತೈತ್ರಿ.”

ಅಪ್ಪಣ್ಣ ಒಳಗಿನಿಂದ ಒಂದು ನೋಟ್‌ಬುಕ್ ತಂದು ತೆರೆದ. ಪ್ರತಿ ಚುನಾವಣೆಯಲ್ಲೂ ಠೇವಣಿಗೆ ಬಂದ ಆಯುಧಗಳ ಪೆನ್ಸಿಲ್ ಕಾಗದಗಳು, ತಾರೀಕು ಸಮೇತ. ಬೋಪಣ್ಣನವರ ಹೆಸರಿನ ಕೆಳಗೆ ಪ್ರತಿ ಸಲವೂ ಸಿಲಿಂಡರಿನದು, ಪರವಾನಗಿಯಲ್ಲಿರುವ ಅದೇ ನಂಬರು. ಫ್ರೇಮಿನ ಜಾಗದಲ್ಲಿ, ಗಂಧ, ಮುಟ್ಟಿಲ್ಲ ಎಂದು ಬರೆದಿತ್ತು.

“ಇದನ್ನು ತೋರಿಸಿದ್ರೆ ಅವತ್ತೇ ನಿಮ್ಮ ಅಂಗಡಿ ಬೀಗ ತೆಗೀತಿದ್ರಲ್ಲ!”

“ತೆಗೀತಿದ್ರು. ಹಂಗಾರ ಫ್ರೇಮಿಂದು ಯಾವ ನಂಬರ್ ಅಂತ ನಿಮ್ಮನ್ನ ಹಿಡೀತಿದ್ರು, ನಿಮ್ಮ ಅಜ್ಜಂದು ಜಪ್ತಿ ಆಗತಿತ್ತು. ಅದು ಹೋದ್ರ ನೀವು ಉಳಿಯೂದಿಲ್ಲಂತ ನಾ ಬಾಯಿ ಮುಚ್ಕೊಂಡಿದ್ದೆ. ಹೆಂಗರ ಮಾಡಿ ಇಬ್ರೂ ಕೂಡಿ ದಾರಿ ಹುಡುಕೋಣಂತ ಫೋನ್ ಮಾಡಿದ್ದೆ.”

“ರಿವಾಲ್ವರ್ ಬೆಳಿಗ್ಗೆ ನಾನೇ ಕೊಟ್ಟು ಬಂದೆ.”

ಮೂರು ವಾರ ಒಂದು ಬಿರುಸು ಮಾತೂ ಆಡದ ಅಪ್ಪಣ್ಣನಿಗೆ ಈಗ ಸಿಟ್ಟು ನೆತ್ತಿಗೇರಿತು. ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಡಿದ. ಕಣ್ಣಲ್ಲಿ ನೀರಿತ್ತು.

“ಕೊಟ್ಟು ಬಂದ್ರಿ? ಕಳ್ಳ ಅಂದ್ರಿ, ನನ್ನ ಕೇಳಲಿಲ್ಲ. ಈಗ ಕೊಟ್ಟು ಬಂದ್ರಿ, ಈಗೂ ಕೇಳಲಿಲ್ಲ. ಎರಡು ಸಲಾನೂ ನನ್ನ ಒಂದು ಮಾತು ಕೇಳಲಿಲ್ಲಲ್ರೀ ನೀವು!”